ಕಾರ್ಟರ್ಟನ್ನೂ ಕಟ್ನಿಯೂ

ನಾನಿರುವ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನಿಂದ ಬೆಟ್ಟಸಾಲು ದಾಟಿದರೆ ವೈರಾರಾಪಾ. ಕುರಿ, ದನ, ಹುಲ್ಲುಗಾವಲಿನ ರೈತರ ಸೀಮೆ. ಅಲ್ಲಿನ ಕಾರ್ಟರ್ಟನ್ ಎಂಬ ಪುಟ್ಟ ಊರು 1995ರಲ್ಲಿ ಜಾರ್ಜಿನಾ ಬೇಯರ್ ಅವರನ್ನು ಮೇಯರ್ ಮಾಡಿತು. 1999ರಲ್ಲಿ ಇಡೀ ವೈರಾರಾಪಾ ಅವರನ್ನು ಲೇಬರ್ ಪಕ್ಷದಿಂದ ಸಂಸತ್ತಿಗೆ ಕಳಿಸಿತು. ಟ್ರಾನ್ಸ್‌ಜೆಂಡರ್ ಎಂದು ಬಹಿರಂಗವಾಗಿ ಹೇಳಿಕೊಂಡು ಸಂಸದರಾದವರಲ್ಲಿ ಜಗತ್ತಿಗೇ ಮೊದಲಿಗರು. ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಮೂಲದವರು, ಒಂದು ಕಾಲಕ್ಕೆ ಲೈಂಗಿಕ ವೃತ್ತಿಯಲ್ಲಿದ್ದವರು. ಏನನ್ನೂ ಮುಚ್ಚಿಡದೆ ವೋಟು ಕೇಳಿ ಗೆದ್ದರು.

ಇಲ್ಲಿನ ಕನ್ನಡಿಗರ ನಡುವೆ ಈ ಮಾತು ಬಂದರೆ "ಇವರು ಮುಂದುವರಿದವರಪ್ಪಾ, ನಮ್ಮಲ್ಲಿ ಇದೆಲ್ಲ ಆಗುತ್ತಾ?" ಎನ್ನುವವರಿದ್ದಾರೆ. ಆಗಿದೆ ಸ್ವಾಮಿ! ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಧ್ಯಪ್ರದೇಶದ ಸೊಹಾಗಪುರದ ಮತದಾರರು ಹಿಜ್ರಾ ಸಮುದಾಯದ ಶಬನಮ್ ಮೌಸಿಯವರನ್ನು ಶಾಸಕಿಯಾಗಿ ಆರಿಸಿದ್ದರು. ಅದೇ ರಾಜ್ಯದ ಕಟ್ನಿ ನಗರದಲ್ಲಿ ಅದೇ ಸಮುದಾಯದ ಕಮಲಾ ಜಾನ್ ಮೇಯರ್ ಆಗಿದ್ದರು. ನಮ್ಮ ಮತದಾರ ಹಿಂದೆ ಬಿದ್ದಿರಲಿಲ್ಲ.

ಎಡವಿದ್ದು ಬೇರೆ ಕಡೆ. ಕಟ್ನಿಯ ಮೇಯರ್ ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಕಮಲಾ ಜಾನ್ ಹೆಣ್ಣಲ್ಲ, ಕಾನೂನಿನ ಲೆಕ್ಕದಲ್ಲಿ ಗಂಡು ಎಂದು ಕೋರ್ಟು ಆಯ್ಕೆಯನ್ನೇ ರದ್ದು ಮಾಡಿತು. ಬೇಯರ್‌ಗೆ ಈ ತೊಡಕು ಬರಲಿಲ್ಲ, ಯಾಕೆಂದರೆ ಇಲ್ಲಿ ಮಹಿಳಾ ಮೀಸಲು ಕ್ಷೇತ್ರವೇ ಇಲ್ಲ. (ಮಾವೋರಿಗಳಿಗೆಂದೇ ಇರುವ ಕ್ಷೇತ್ರಗಳಿವೆ, ಅವರು ಗೆದ್ದದ್ದು ಸಾಮಾನ್ಯ ಕ್ಷೇತ್ರದಲ್ಲಿ.) ಹಾಗಾದರೆ ಮೀಸಲಾತಿ ಬೇಡವೇ? ಅಪ್ಪಿತಪ್ಪಿಯೂ ನನ್ನ ಮಾತನ್ನು ಹಾಗೆ ಓದಬೇಡಿ. ಮೀಸಲಾತಿ ಇಟ್ಟ ಮೇಲೆ ಅದರಲ್ಲಿ ಯಾರು ನಿಲ್ಲಬಹುದು ಎಂಬುದನ್ನು ಚುನಾವಣೆಗೆ ಮುಂಚೆ ಹೇಳಬೇಕು, ಗೆದ್ದವರನ್ನು ಕುರ್ಚಿಯಿಂದ ಇಳಿಸುವಾಗ ಅಲ್ಲ.

ಕುರ್ಚಿ ಯಾಕೆ ಮುಖ್ಯ ಎಂಬುದಕ್ಕೆ 2003ರ ಆ ಮತದಾನ ನೋಡಿ. ಲೈಂಗಿಕ ವೃತ್ತಿಯನ್ನು ಅಪರಾಧವೆನ್ನುವ ಕಾನೂನನ್ನು ಕೈಬಿಡುವ ಮಸೂದೆ ಸದನಕ್ಕೆ ಬಂದಾಗ ಬೇಯರ್ ತಮ್ಮ ಬದುಕನ್ನೇ ಮುಂದಿಟ್ಟು ಮಾತಾಡಿದರು. ಪರ 60, ವಿರೋಧ 59, ಒಬ್ಬರು ತಟಸ್ಥ; ಮಸೂದೆ ಪಾಸಾಯಿತು. ಅಂದು ಅವರು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದರೆ? ಹಾಗೆಂದು ಇದು ಸ್ವರ್ಗವಲ್ಲ. 2007ರಲ್ಲಿ ಸಂಸತ್ತು ಬಿಟ್ಟ ಮೇಲೆ ಇದೇ ಬೇಯರ್ ಕೆಲಸ ಸಿಗದೆ ಪರದಾಡಿದರು.

ನಮ್ಮ ಕರ್ನಾಟಕ ಗೌರವ ಕೊಡುವುದರಲ್ಲಿ ಜಿಪುಣವಲ್ಲ. ಮಂಜಮ್ಮ ಜೋಗತಿಯವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಇಲ್ಲಿ ಕೂತು ನೋಡಿ ನಾವೂ ಬೀಗಿದೆವು. ಅದೇ ವರ್ಷ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ 1 ಮೀಸಲು ಕೊಟ್ಟ ಮೊದಲ ರಾಜ್ಯವೂ ನಮ್ಮದೇ. ಆದರೆ ಅಕಾಡೆಮಿಯ ಹುದ್ದೆ ಸರ್ಕಾರ ಕೊಡುವಂಥದ್ದು, ಪ್ರಶಸ್ತಿಯೂ ಅಷ್ಟೇ. ಜನರಿಂದ ಪಡೆದ ಅಧಿಕಾರದ ಲೆಕ್ಕ ಬೇರೆ. ಆರಿಸಿ ಬಂದ ಟ್ರಾನ್ಸ್‌ಜೆಂಡರ್ ಶಾಸಕರನ್ನು ನಮ್ಮ ವಿಧಾನಸಭೆ ಕಂಡೇ ಇಲ್ಲ.

ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟು 2014ರಲ್ಲೇ ಎತ್ತಿಹಿಡಿಯಿತು. ಆದರೂ 2023ರ ಮಹಿಳಾ ಮೀಸಲಾತಿ ತಿದ್ದುಪಡಿಯಲ್ಲಿ ಟ್ರಾನ್ಸ್ ಮಹಿಳೆಯರ ಬಗ್ಗೆ ಒಂದಕ್ಷರವಿಲ್ಲ. ದೆಹಲಿಯ ಮಾತು ಹಾಗಿರಲಿ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದ್ದು. ಆ ಸ್ಥಾನಗಳಿಗೆ ಟ್ರಾನ್ಸ್ ಮಹಿಳೆಯರೂ ಸ್ಪರ್ಧಿಸಬಹುದು ಎಂದು ರಾಜ್ಯದ ಕಾಯ್ದೆಯಲ್ಲಿ ಒಂದು ಸಾಲು ಸೇರಿಸಲು ವಿಧಾನಸೌಧಕ್ಕೆ ಏನು ಅಡ್ಡಿ? ಮುಂದಿನ ಪಂಚಾಯಿತಿ ಚುನಾವಣೆಗೆ ಮುಂಚೆ ಅದಾಗಲಿ.