ಟನ್ನಿಗೆ 355 ರೂಪಾಯಿ

ಹನ್ನೊಂದು ವರ್ಷ ಸಂಬಳಕ್ಕಾಗಿ ನೀತಿ ವಿಶ್ಲೇಷಣೆ ಮಾಡಿದ ನಾನು ಕೆಲಸ ಬಿಟ್ಟು ಮೈಸೂರಿಗೆ ಮರಳಿ, ಸ್ವಂತದ್ದೊಂದು ಸುದ್ದಿಪತ್ರ ಹೊರಡಿಸುವುದಾಗಿ ಸಾರಿದಾಗ ಅಮ್ಮ, "ಹಾಗಾದರೆ ಬೆಳಿಗ್ಗೆ ಎದ್ದು ಪೇಪರ್ ಹಾಕೋಕೆ ಹೋಗ್ತೀಯಾ?" ಎಂದಳು. ಇದು ಇ-ಮೇಲಿನಲ್ಲಿ ಹೋಗುವ ಪತ್ರವೆಂದೂ, ಸರ್ಕಾರದ ನಿಯಮಗಳು ಜನರ ಜೇಬಿನವರೆಗೆ ಬರುವಷ್ಟರಲ್ಲಿ ಏನಾಗುತ್ತವೆ ಎಂಬುದನ್ನು ಹದಿನೈದು ದಿನಕ್ಕೊಮ್ಮೆ ತಿಳಿಗನ್ನಡದಲ್ಲಿ ಬರೆಯುವೆನೆಂದೂ, ಅದಕ್ಕಾಗಿ ಓದುಗರು ತಿಂಗಳಿಗೆ 99 ರೂಪಾಯಿ ಕೊಡುವರೆಂದೂ ವಿವರಿಸಿದೆ. ಅವಳು ಸಮಾಧಾನದಿಂದ ಕೇಳಿಸಿಕೊಂಡು, "ಯಾಕೆ ಕೊಡ್ತಾರೆ?" ಎಂದಳು. ನನ್ನ ವ್ಯವಹಾರ ಯೋಜನೆಯನ್ನು ಅಷ್ಟು ಚುಟುಕಾಗಿ ಇನ್ನಾರೂ ವಿಮರ್ಶಿಸಿಲ್ಲ.

ಕುವೆಂಪುನಗರದ ಮನೆಯ ಮಹಡಿಕೋಣೆ, ಹಪ್ಪಳ ಸಂಡಿಗೆಯ ಡಬ್ಬಗಳೊಡನೆ ಹಂಚಿಕೊಂಡು, ನನ್ನ ಕಚೇರಿಯಾಯಿತು. ಪ್ರಯೋಗಾರ್ಥವಾಗಿ ಹದಿನಾಲ್ಕು ಮಂದಿ ಗೆಳೆಯರಿಗೆ ಕಳಿಸಿದ ಪ್ರತಿಯಲ್ಲಿ, ಯೂನಿಕೋಡ್‌ಗೆ ಬದಲಾಯಿಸುವುದನ್ನು ಮರೆತು ಹಳೆಯ ಫಾಂಟಿನ ಬರಹವನ್ನೇ ಅಂಟಿಸಿದ್ದರಿಂದ, ಕನ್ನಡವೆಲ್ಲ ರೋಮನ್ ಅಕ್ಷರಗಳ ಚಿತ್ರಾನ್ನವಾಗಿ ಅಂಕಿಗಳಷ್ಟೇ ಸರಿಯಾಗಿ ಕಂಡವು. ಮೊದಲ ಅಧಿಕೃತ ಸಂಚಿಕೆಯಲ್ಲಿ ಅಕ್ಷರಗಳೆಲ್ಲ ಸರಿಯಾಗಿದ್ದವು.

ವಿಷಯ ಕಬ್ಬಿನ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ; ಸಕ್ಕರೆ ಕಾರ್ಖಾನೆಗಳು ರೈತರಿಗೆ ಕೊಡಲೇಬೇಕೆಂದು ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ. 2025-26ರ ಹಂಗಾಮಿಗೆ ಶೇ. 10.25ರ ಸಕ್ಕರೆ ಇಳುವರಿಗೆ (ಅರೆದ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲಿಗೆ) ಕ್ವಿಂಟಲಿಗೆ 355 ರೂಪಾಯಿ ನಿಗದಿಯಾಗಿರುವುದನ್ನೂ, ಇಳುವರಿ ಶೇ. 0.1ರಷ್ಟು ಏರಿದರೆ 3.46 ರೂಪಾಯಿ ಕೂಡಿ, ಇಳಿದರೆ ಅಷ್ಟೇ ಕಳೆಯುವುದನ್ನೂ, ಶೇ. 9.5ಕ್ಕಿಂತ ಕೆಳಗಿಳಿದರೆ ಮಾತ್ರ ಕಡಿತ ನಿಂತು 329.05 ರೂಪಾಯಿ ಖಾತರಿಯಾಗುವುದನ್ನೂ, 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದೊಳಗೆ ಹಣ ಕೊಡದ ಕಾರ್ಖಾನೆ ಶೇ. 15ರ ಬಡ್ಡಿ ತೆರಬೇಕಾದುದನ್ನೂ ಬರೆದು, ದಶಮಾಂಶಗಳನ್ನು ಮೂರು ರಾತ್ರಿ ತಾಳೆ ನೋಡಿದೆ. ತಾಳೆ ನೋಡದೆ ಉಳಿದದ್ದು ತಲೆಬರಹ ಮಾತ್ರ: "ಟನ್ನಿಗೆ 355 ರೂಪಾಯಿ ಹೇಗೆ ಬಂತು?"

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಪಾಂಡವಪುರದಿಂದ ಮಾವನವರ ಫೋನು ಬಂತು. ಅವರದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನ ಎರಡು ಎಕರೆ ಕಬ್ಬು. "ಅಳಿಯಂದ್ರೇ, ಟನ್ನಿಗೆ ಮುನ್ನೂರೈವತ್ತೈದಾದ್ರೆ ಕಟಾವಿನ ಕೂಲಿಗೇ ಸಾಲಾಕಿಲ್ವಲ್ಲ. ನಾನು ಆಲೆಮನೆಗೇ ಹಾಕ್ತೀನಿ ಬುಡಿ." ಅದು ಟನ್ನಲ್ಲ, ಕ್ವಿಂಟಲ್, ಟನ್ನಿಗೆ 3,550 ಎಂದು ನಾನು ತಡವರಿಸಿದೆ. "ಕಬ್ಬ ಯಾವನು ಕ್ವಿಂಟಾಲಲ್ಲಿ ತೂಗ್ತಾನೆ?" ಎಂದರು. ಅದೂ ನಿಜವೇ. ದೆಹಲಿ ಕ್ವಿಂಟಲಿನಲ್ಲಿ ಘೋಷಿಸುತ್ತದೆ, ಮಂಡ್ಯದ ಕಡೆ ಮಾತೆಲ್ಲ ಟನ್ನಿನಲ್ಲಿ ನಡೆಯುತ್ತದೆ. ಮೂರು ರಾತ್ರಿಯ ನನ್ನ ವಿಶ್ಲೇಷಣೆಯಲ್ಲಿ ಈ ಮಾತೇ ಇರಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಊರಿನ ಟೀ ಅಂಗಡಿಯಲ್ಲಿ, ಕಬ್ಬಿನ ಬೆಲೆ ಹತ್ತನೇ ಒಂದು ಪಾಲಿಗೆ ಇಳಿದಿದೆಯಂತೆ, ಅಳಿಯನೇ ಬರೆದಿದ್ದಾನಂತೆ ಎಂಬ ಸುದ್ದಿ ಹರಡಿತ್ತು.

ಆದರೂ ಸಂಚಿಕೆಯನ್ನು ಕೊನೆಯ ಸಾಲಿನವರೆಗೆ ಓದಿದವರು ಮಾವನವರೊಬ್ಬರೇ. ಹೆಂಡತಿ ಅವರ ಫೋನಿನಲ್ಲಿ ಕಾರ್ಡಿನ ವಿವರ ತುಂಬಿಸಿ ಅವರನ್ನು ಚಂದಾದಾರರನ್ನಾಗಿಯೂ ಮಾಡಿದಳು. ಒಟ್ಟು ಚಂದಾದಾರರು ಮೂವತ್ತೊಂದಾದರು.

ಎರಡನೆಯ ಸಂಚಿಕೆಗೆ ನನಗೆ ಬಲು ಪ್ರಿಯವಾದ ನಿಯಮವೊಂದನ್ನು ಆರಿಸಿಕೊಂಡೆ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವುದಿದ್ದರೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸಂದೇಶ ಹೋಗಬೇಕು, ಬೇಡವೆನಿಸಿದರೆ ಅವನು ಅದನ್ನು ನಿಲ್ಲಿಸುವಂತಿರಬೇಕು ಎಂಬ ರಿಸರ್ವ್ ಬ್ಯಾಂಕಿನ ಈ ಕಟ್ಟಳೆ 2021ರ ಅಕ್ಟೋಬರಿನಿಂದ ಬಿಗಿಯಾಗಿ ಜಾರಿಯಲ್ಲಿದೆ. ಸಂಬಳದ ದಿನಗಳಲ್ಲಿ ನಾನು ಇದನ್ನು ಹದಿನೆಂಟು ಪುಟಗಳಲ್ಲಿ ಹೊಗಳಿದ್ದೆ. ಈ ಸಲ ಹೊಗಳಿಕೆ ಕಡಿಮೆ ಮಾಡಿ, ಅನಗತ್ಯ ಕಡಿತವನ್ನು ನಿಲ್ಲಿಸಲು ಯಾವ ಗುಂಡಿ ಎಲ್ಲಿ ಒತ್ತಬೇಕೆಂಬುದನ್ನು ಚಿತ್ರಸಮೇತ ತೋರಿಸಿದೆ. ಇಷ್ಟು ಸ್ಪಷ್ಟವಾಗಿ ನಾನು ಹಿಂದೆಂದೂ ಬರೆದಿರಲಿಲ್ಲ.

ಆ ವಾರದಲ್ಲಿ ಆರು ಮಂದಿ ಚಂದಾದಾರರು ಕಡಿಮೆಯಾದರು. ಮತ್ತೆ ಬೆಳಿಗ್ಗೆ ಆರಕ್ಕೆ ಫೋನು ಬಂತು. ಮಾವನವರ ಧ್ವನಿಯಲ್ಲಿ ಹಿಂದೆಂದೂ ಕಾಣದ ಅಭಿಮಾನವಿತ್ತು.

"ಅಳಿಯಂದ್ರೇ, ಯಾವನೋ ತಿಂಗ್ಳು ತಿಂಗ್ಳು ತೊಂಬತ್ತೊಂಬತ್ತು ರೂಪಾಯಿ ಕಿತ್ಕಳಾಕೆ ಹೊಂಚಾಕ್ತಿದ್ದ. ಬ್ಯಾಂಕಿಂದ ಮೆಸೇಜ್ ಬಂತು. ನೀವು ಬರ್ದಂಗೇ ಒತ್ತಿ ನಿಲ್ಲಿಸ್ಬುಟ್ಟೆ."

ಅವನ ಹೆಸರೇನೆಂದು ಕೇಳಿದೆ. ಅವರು ಕನ್ನಡಕ ತರಿಸಿಕೊಂಡು, ನನ್ನ ಸುದ್ದಿಪತ್ರದ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳಿದರು.