ಮೊಣಕಾಲುದ್ದ ನೀರಿಗೆ ಯಾವ ದೋಣಿ?

ಟೆಕ್ಸಾಸಿನ ಕರಾವಳಿಯಲ್ಲಿ ಮೀನು ಹಿಡಿಯಲು ದೋಣಿ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವ ಮಾತು, "ಇದು ಎಷ್ಟು ಕಮ್ಮಿ ನೀರಲ್ಲಿ ಓಡುತ್ತೆ?" ಮಾರುವವರು ನಾಲ್ಕು ಇಂಚು, ಐದು ಇಂಚು ಅಂತ ಎದೆಯುಬ್ಬಿಸಿ ಹೇಳುತ್ತಾರೆ. ನಾನು ಕುಣಿಗಲ್ ಕಡೆಯವನು, ಈಗ ಇರುವುದು ಕಾರ್ಪಸ್ ಕ್ರಿಸ್ಟಿಯಲ್ಲಿ. ಕೆರೆ ಏರಿಯ ಮೇಲೆ ಓಡಾಡಿ ಬೆಳೆದವನು, ಈಗ ಕೊಲ್ಲಿಯ ದಂಡೆಯಲ್ಲಿ ಸಂಸಾರ ಮಾಡಿಕೊಂಡಿದ್ದೇನೆ. ನನ್ನನ್ನು ಕೇಳಿದರೆ, ಆ ಒಂದು ಪ್ರಶ್ನೆಯಿಂದ ದೋಣಿಯ ಅರ್ಧ ಗುಣವೂ ಗೊತ್ತಾಗುವುದಿಲ್ಲ. ನಿಂತಾಗ ಅದಕ್ಕೆ ಎಷ್ಟು ನೀರು ಬೇಕು? ನಿಂತಲ್ಲಿಂದ ಎದ್ದು ಹೊರಡಲು ಎಷ್ಟು ಬೇಕು? ಮೇಲೆ ಎದ್ದು ನಿಂತವನ ಕಾಲು ನಡುಗುತ್ತದಾ? ಅದು ಹಾದುಹೋದ ಮೇಲೆ ಕೆಳಗಿನ ನೆಲದ ಗತಿ ಏನು? ಇಲ್ಲಿಯವರೂ ಇದನ್ನೆಲ್ಲ ಕೇಳಬೇಕು, ನಮ್ಮ ತುಮಕೂರು ಜಿಲ್ಲೆಯ ಕೆರೆಗಳಲ್ಲಿ ಮೀನು ಹಿಡಿಯುವವರ ಪರವಾಗಿ ನಾವೂ ಕೇಳಬೇಕು.

ಮೊದಲು ಇಲ್ಲಿಯ ನೀರಿನ ವಿಷಯ ಹೇಳಬೇಕು. ಕಾರ್ಪಸ್ ಕ್ರಿಸ್ಟಿಯಿಂದ ದಕ್ಷಿಣಕ್ಕೆ, ಪಾದ್ರೆ ದ್ವೀಪ ಮತ್ತು ನೆಲದ ನಡುವೆ ಲಗೂನಾ ಮಾದ್ರೆ ಅಂತ ಒಂದು ಉದ್ದನೆಯ ಹಿನ್ನೀರಿದೆ. ಅದರ ಸರಾಸರಿ ಆಳ ಹತ್ತಿರ ಹತ್ತಿರ ಒಂದು ಮೀಟರ್, ಅಷ್ಟೇ. ದೊಡ್ಡ ನದಿ ಯಾವುದೂ ಬಂದು ಸೇರುವುದಿಲ್ಲ, ಬಿಸಿಲು ಜಾಸ್ತಿ, ಹಾಗಾಗಿ ನೀರು ಸಮುದ್ರಕ್ಕಿಂತಲೂ ಉಪ್ಪು. ನಡುವೆ ಹಡಗುಗಳಿಗೆಂದು ತೋಡಿದ ಕಾಲುವೆ ಇದೆ. 1949ರಲ್ಲಿ ಮುಗಿದ ಕೆಲಸ ಅದು. ಕಾಲುವೆ ಬಿಟ್ಟು ಪಕ್ಕಕ್ಕೆ ತಿರುಗಿದರೆ ಎಷ್ಟೋ ಕಡೆ ಮೊಣಕಾಲುದ್ದವೂ ನೀರಿಲ್ಲ. ಇಲ್ಲಿ ಉಬ್ಬರ ಇಳಿತ ತೀರಾ ಕಮ್ಮಿ. ಚಂದ್ರನಿಗಿಂತ ಗಾಳಿಯೇ ನೀರನ್ನು ಏರಿಸುವುದು ಇಳಿಸುವುದು. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿತೆಂದರೆ ನಿನ್ನೆ ದೋಣಿ ಹೋದ ಜಾಗದಲ್ಲಿ ಇವತ್ತು ಕೆಸರು ಕಾಣುತ್ತದೆ. ತಳದ ತುಂಬಾ ಹುಲ್ಲು. ಆ ಹುಲ್ಲಿನಲ್ಲೇ ಸೀಗಡಿ, ಏಡಿ, ಅವುಗಳನ್ನು ತಿನ್ನಲು ಬರುವ ರೆಡ್‌ಫಿಷ್. ಬಾಲದ ಬುಡದಲ್ಲಿ ಕಪ್ಪು ಬೊಟ್ಟಿರುವ ಈ ಮೀನು ತಲೆ ಕೆಳಗೆ ಮಾಡಿ ಕೆಸರು ಕೆದಕುವಾಗ ಬಾಲ ನೀರಿನ ಮೇಲೆ ಆಡುತ್ತಿರುತ್ತದೆ. ಅಷ್ಟು ಕಮ್ಮಿ ನೀರು.

ಇಂಥ ನೀರಿಗೆ ಇಲ್ಲಿ ಜನ ತರಾವರಿ ದೋಣಿ ಇಟ್ಟುಕೊಂಡಿದ್ದಾರೆ. ಚಪ್ಪಟೆ ತಳದ, ಅಂಚೇ ಇಲ್ಲದ ಸ್ಕೂಟರ್ ದೋಣಿ ಒಂದು. ತೀರಾ ಕಮ್ಮಿ ನೀರಲ್ಲಿ ಓಡುತ್ತದೆ, ಆದರೆ ಮಧ್ಯಾಹ್ನ ಆಗ್ನೇಯದ ಗಾಳಿ ಎದ್ದು ಅಲೆ ಶುರುವಾದರೆ ಬೆನ್ನುಮೂಳೆ ಪುಡಿಯಾಗುತ್ತದೆ. ಮೈಯೆಲ್ಲಾ ಒದ್ದೆ. ವಿ ಆಕಾರದ ತಳದ್ದು ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಹುಲ್ಲಿನ ಮೇಲೆ ಬಂದರೆ ಕೂತುಬಿಡುತ್ತದೆ. ಈ ಎರಡರ ನಡುವೆ ನಿಂತಿರುವುದು ಕ್ಯಾಟಮರಾನ್. ಇಲ್ಲಿ ಚಿಕ್ಕದಾಗಿ ಕ್ಯಾಟ್ ಅನ್ನುತ್ತಾರೆ.

ಕ್ಯಾಟ್ ಅಂದರೆ ಎರಡು ಸಪೂರ ಒಡಲು, ಮೇಲೆ ಒಂದೇ ಅಟ್ಟ, ಒಡಲುಗಳ ನಡುವೆ ಮುಂದಿನಿಂದ ಹಿಂದಿನವರೆಗೂ ಸುರಂಗದಂಥ ಖಾಲಿ ಜಾಗ. ವೇಗ ಬಂದಾಗ ಆ ಸುರಂಗದೊಳಗೆ ಗಾಳಿ ನುಗ್ಗಿ ದೋಣಿಯನ್ನು ಸ್ವಲ್ಪ ಎತ್ತುತ್ತದೆ, ನೀರು ಹಿಂದಕ್ಕೆ ಹರಿದು ಪ್ರೊಪೆಲ್ಲರಿಗೆ ಸಿಗುತ್ತದೆ. ಎಂಜಿನನ್ನು ಜ್ಯಾಕ್ ಪ್ಲೇಟಿನ ಮೇಲೆ ಕೂರಿಸಿರುತ್ತಾರೆ. ಗುಂಡಿ ಒತ್ತಿದರೆ ಇಡೀ ಎಂಜಿನ್ ಮೇಲಕ್ಕೆ ಏರುತ್ತದೆ, ಪ್ರೊಪೆಲ್ಲರ್ ಒಡಲಿನ ತಳದ ಮಟ್ಟಕ್ಕೆ ಬರುತ್ತದೆ. ಹಾಗಾಗಿಯೇ ಐದು ಇಂಚು ನೀರಲ್ಲೂ ಓಟ ಸಾಧ್ಯ.

ನಮ್ಮ ಪಕ್ಕದ ಮನೆಯವರ ಬಳಿ 21 ಅಡಿಯ ಕ್ಯಾಟ್ ಇದೆ. ರಜಾ ದಿನ ಅವರ ಜೊತೆ ಹೋಗುತ್ತಿರುತ್ತೇನೆ. ಅದರ ಮೇಲೆ ನನಗೆ ಇಷ್ಟವಾದದ್ದು ಓಟ ಅಲ್ಲ, ನಿಲುವು. ಮೂವರು ಒಂದೇ ಅಂಚಿಗೆ ಬಂದು ನಿಂತು ಗಾಳ ಎಸೆದರೂ ಅಷ್ಟಾಗಿ ವಾಲುವುದಿಲ್ಲ. ತೆಪ್ಪೋತ್ಸವಕ್ಕೆ ತೆಪ್ಪ ಕಟ್ಟುವ ನಮ್ಮೂರಿನವರಿಗೆ ಇದರ ಗುಟ್ಟು ಗೊತ್ತು. ಖಾಲಿ ಡ್ರಮ್ಮುಗಳನ್ನು ನಡುವೆ ಒಟ್ಟದೆ ಎರಡು ಪಕ್ಕಕ್ಕೂ ದೂರ ಕಟ್ಟಿದರೆ ದೇವರು, ಪೂಜಾರಿ, ವಾದ್ಯದವರು ಎಲ್ಲ ಹತ್ತಿದರೂ ತೆಪ್ಪ ಅಲುಗುವುದಿಲ್ಲ. ಭಾರ ಹೊರುವ ಭಾಗ ನಡುವಿನಿಂದ ಎಷ್ಟು ದೂರವೋ ನಿಲುವು ಅಷ್ಟು ಗಟ್ಟಿ.

ಕ್ಯಾಟಿನ ಕುಂದುಗಳೂ ಇವೆ, ಮಾರುವವರು ಹೇಳುವುದಿಲ್ಲ. ಭಾರಕ್ಕೆ ಅದು ಬೇಗ ಸೋಲುತ್ತದೆ. ಐಸ್ ಪೆಟ್ಟಿಗೆ, ಪೆಟ್ರೋಲು, ಜನ ಅಂತ ತುಂಬಿದರೆ ಸುರಂಗದ ಚಾವಣಿಯೇ ನೀರಿಗೆ ತಾಗಿ ದಡ್ ದಡ್ ಎನ್ನುತ್ತದೆ. ವೇಗದಲ್ಲಿ ತಿರುಗಿಸಿದಾಗ ವಿ ತಳದ ದೋಣಿ ಒಳಕ್ಕೆ ವಾಲಿದರೆ, ಎಷ್ಟೋ ಕ್ಯಾಟುಗಳು ಚಪ್ಪಟೆಯಾಗಿಯೇ ತಿರುಗುತ್ತವೆ, ಕೆಲವು ಹೊರಕ್ಕೂ ವಾಲುತ್ತವೆ. ಗೊತ್ತಿಲ್ಲದವರು ಹಿಡಿದುಕೊಳ್ಳಲು ಕಂಬಿ ಹುಡುಕುತ್ತಾರೆ. ಸುಮ್ನೆ ನಿಂತಾಗ ಸಣ್ಣ ಅಲೆಗಳು ಸುರಂಗದೊಳಗೆ ಬಡಿದು ಸದ್ದು ಮಾಡುತ್ತವೆ. ಮೊಣಕಾಲುದ್ದ ನೀರಿನ ಮೀನಿಗೆ ಆ ಸದ್ದು ಸಾಕು, ಮಾಯ.

ಎಲ್ಲಕ್ಕಿಂತ ದೊಡ್ಡ ವಿಷಯ ಹುಲ್ಲಿನದು. ಐದು ಇಂಚಲ್ಲಿ ಓಡುವ ದೋಣಿ ಅದೇ ಐದು ಇಂಚಲ್ಲಿ ನಿಂತರೆ ತಳ ನೆಲಕ್ಕೆ ಕೂರುತ್ತದೆ. ಎಂಜಿನ್ ಹಾಕಿ ಎಬ್ಬಿಸಲು ಓಡುವುದಕ್ಕಿಂತ ಎರಡು ಪಟ್ಟು, ಒಮ್ಮೊಮ್ಮೆ ಮೂರು ಪಟ್ಟು ನೀರು ಬೇಕು. ಅಷ್ಟು ನೀರಿಲ್ಲದ ಕಡೆ ನಿಲ್ಲಿಸಿ ಆಮೇಲೆ ಜೋರಾಗಿ ಎಂಜಿನ್ ಕೊಡುತ್ತಾರಲ್ಲ, ಆಗ ಪ್ರೊಪೆಲ್ಲರ್ ನೆಲ ಉತ್ತು ಹುಲ್ಲನ್ನು ಬೇರು ಸಮೇತ ಕಿತ್ತು ಎಸೆಯುತ್ತದೆ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಆ ಗೀರುಗಳು ಹಸಿರು ತಳದ ಮೇಲೆ ಬಿಳಿ ಗೆರೆಗಳಾಗಿ ಕಾಣುತ್ತವೆ. ಕೆಲವು ಜಾತಿಯ ಹುಲ್ಲು ಮತ್ತೆ ಹಬ್ಬಲು ವರ್ಷಗಟ್ಟಲೆ ಹಿಡಿಯುತ್ತದೆ. ಟೆಕ್ಸಾಸ್ 2006ರಲ್ಲಿ ರೆಡ್‌ಫಿಷ್ ಬೇ ಎಂಬ ಒಂದು ಕೊಲ್ಲಿಯಲ್ಲಿ ಹುಲ್ಲು ಕೀಳುವುದನ್ನು ನಿಷೇಧಿಸಿತು, 2013ರಲ್ಲಿ ಇಡೀ ಕರಾವಳಿಗೆ ಆ ಕಾನೂನು ತಂದಿತು. 500 ಡಾಲರ್‌ವರೆಗೂ ದಂಡ ಹಾಕಬಹುದು. ನನಗೆ ಆ ಕಾನೂನಿನ ಬಗ್ಗೆ ತುಂಬಾ ಗೌರವ ಇದೆ. ಇದೇ ಟೆಕ್ಸಾಸ್ 1981ರಲ್ಲಿ ತನ್ನ ನೀರಿನಲ್ಲಿ ಹಿಡಿದ ರೆಡ್‌ಫಿಷ್ ಮಾರಾಟವನ್ನೇ ನಿಲ್ಲಿಸಿ ಆ ಮೀನನ್ನು ಉಳಿಸಿಕೊಂಡಿತು. ಹುಲ್ಲನ್ನೂ ಹಾಗೆ ಉಳಿಸಬೇಕಾದರೆ ಕಾನೂನು ಸಾಲದು. ಕಮ್ಮಿ ನೀರಿಗೆ ಬಂದಮೇಲೆ ಎಂಜಿನ್ ಎತ್ತಿ ಉದ್ದನೆಯ ಕೋಲು ಊರಿ ದೋಣಿ ತಳ್ಳಬೇಕು. ಫ್ಲೋರಿಡಾದಲ್ಲಿ ಅದು ದೊಡ್ಡ ಪದ್ಧತಿ. ಎಂಜಿನ್ ಮೇಲೆಯೇ ಒಂದು ಅಟ್ಟ ಕಟ್ಟಿ, ಒಬ್ಬ ಅದರ ಮೇಲೆ ನಿಂತು ಕೋಲು ಹಾಕುತ್ತಾನೆ. ಈ ಕಡೆ ಹಾಗೆ ಮಾಡುವವರು ಕಮ್ಮಿ. 21 ಅಡಿಯ ದೋಣಿ, ಅದರ ಮೇಲೆ 150 ಹಾರ್ಸ್‌ಪವರ್ ಎಂಜಿನ್, ಒಬ್ಬನ ರಟ್ಟೆಗೆ ಎಲ್ಲಿ ಅಲುಗುತ್ತದೆ?

ಇಲ್ಲಿಗೆ ನಮ್ಮ ಕೆರೆಗೆ ಬರುತ್ತೇನೆ. ತುಮಕೂರು ಜಿಲ್ಲೆಗೆ ಸಮುದ್ರ ಇಲ್ಲದಿರಬಹುದು, ಕಮ್ಮಿ ನೀರಿಗೇನೂ ಕಮ್ಮಿಯಿಲ್ಲ. ಹೂಳು ತುಂಬಿ ತುಂಬಿ ಎಷ್ಟೋ ಕೆರೆಗಳ ಮುಕ್ಕಾಲು ಪಾಲು ಸೊಂಟದ ಮಟ್ಟ ದಾಟುವುದಿಲ್ಲ. 2022ರ ಮಳೆಗೆ ಸಾಲು ಸಾಲು ಕೆರೆಗಳು ಕೋಡಿ ಬಿದ್ದಾಗಲೂ ಆಳ ಇದ್ದದ್ದು ತೂಬಿನ ಹತ್ತಿರವೇ. ಹಿಂಭಾಗದಲ್ಲಿ ಜೊಂಡು, ಕೆರೆಯಂಗಳದಲ್ಲಿ ಬೆಳೆದು ಆಮೇಲೆ ಮುಳುಗಿದ ಜಾಲಿಮರ, ಕಡಿದ ಜಾಲಿಯ ಮೋಟು. ಇಲ್ಲಿಯ ಕೊಲ್ಲಿಯಲ್ಲಿ ಸಿಂಪಿಯ ದಿಬ್ಬಗಳು ದೋಣಿಯ ತಳ ಕೊಯ್ಯುವಂತೆ ಅಲ್ಲಿ ಜಾಲಿಮುಳ್ಳು.

ನಮ್ಮ ಕಡೆಯ ಮೀನುಗಾರರ ದೋಣಿ ಹರಿಗೋಲು. ತೆಪ್ಪ ಅಂತಲೂ ಕರೆಯುತ್ತಾರೆ. ಬಿದಿರಿನ ಸೀಳುಗಳನ್ನು ಹೆಣೆದು, ಹೊರಗೆ ಪ್ಲಾಸ್ಟಿಕ್ ಹೊದಿಸಿ, ಡಾಂಬರು ಬಳಿದದ್ದು. ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಫೈಬರಿನದೂ ಬಂದಿದೆ, ಮೀನುಗಾರಿಕೆ ಇಲಾಖೆಯೂ ಕೊಡುತ್ತದೆ. ನನ್ನ ಜೊತೆ ಓದಿದ ಗೆಳೆಯನೊಬ್ಬ ಊರ ಕೆರೆಯಲ್ಲಿ ಮೀನು ಹಿಡಿಯುತ್ತಾನೆ. ಕಾಟ್ಲಾ, ರೋಹು, ಗೆಂಡೆ, ಜೊತೆಗೆ ಬಿತ್ತದೆಯೇ ಬೆಳೆಯುವ ಜಿಲೇಬಿ. ಊರಿಗೆ ಹೋದಾಗ ಅವನ ಜೊತೆ ಬೆಳಗಿನ ಜಾವ ಬಲೆ ಎತ್ತಲು ಹೋಗುವುದು ನನಗೆ ಹಬ್ಬ. ಮುಂದೆ ಒಬ್ಬ ಮೊಣಕಾಲೂರಿ ಹುಟ್ಟು ಹಾಕುತ್ತಾನೆ, ಇನ್ನೊಬ್ಬ ಅಂಚಿಗೆ ಬಾಗಿ ಬಲೆ ಎಳೆಯುತ್ತಾನೆ. ಎಳೆದಂತೆಲ್ಲ ಹರಿಗೋಲು ಅವನ ಕಡೆ ವಾಲುತ್ತದೆ, ಹುಟ್ಟಿನವನು ತಾನಾಗೇ ಎದುರು ಅಂಚಿಗೆ ಮೈ ಒರಗಿಸುತ್ತಾನೆ. ಇಬ್ಬರೂ ಮಾತಾಡುವುದೇ ಇಲ್ಲ. ಬಲೆಯ ಕಣ್ಣಿಗೆ ಸಿಕ್ಕಿಕೊಂಡ ಮೀನಿನ ಕಿವಿರನ್ನು ಬೆರಳಲ್ಲಿ ಒತ್ತಿ, ಒಂದು ತಿರುವು ತಿರುವಿ ಬಿಡಿಸುವಾಗ ಎರಡು ಕೈಯೂ ಬೇಕು. ಹಿಡಿದುಕೊಳ್ಳಲು ಕೈ ಉಳಿಯುವುದಿಲ್ಲ. ಆ ಹೊತ್ತಿಗೆ ಗಾಳಿ ಬಂದರೆ ಹರಿಗೋಲು ಬುಗುರಿಯಾಗುತ್ತದೆ.

ಮುಳ್ಳು ಚುಚ್ಚಿದರೆ ದಂಡೆಗೆ ತಂದು ಬೋರಲು ಹಾಕಿ, ಡಬ್ಬಿಯಲ್ಲಿ ಡಾಂಬರು ಕಾಯಿಸಿ, ಚೀಲದ ತುಂಡು ಅಂಟಿಸಿ, ಆರಿದ ಮೇಲೆ ಮತ್ತೆ ನೀರಿಗೆ. ಈ ಸುಲಭ ರಿಪೇರಿ ಟೆಕ್ಸಾಸಿನ ಯಾವ ದೋಣಿಗೂ ಇಲ್ಲ. ಹುಲ್ಲು ಕೀಳುವುದಿಲ್ಲ, ಸದ್ದಿಲ್ಲ, ಎಣ್ಣೆ ಬೇಡ. ನೀರಿನ ಮಟ್ಟಿಗೆ ಹರಿಗೋಲಿನಷ್ಟು ಸಾಧು ದೋಣಿ ಇನ್ನೊಂದಿಲ್ಲ. ಆದರೆ ಅದರಲ್ಲಿ ಕೂತು ದುಡಿಯುವವನ ಸೊಂಟಕ್ಕೆ, ಜೀವಕ್ಕೆ ಅದು ಅಷ್ಟು ಸಾಧು ಅಲ್ಲ. ತೆಪ್ಪ ಮಗುಚಿ ಸಾವು ಅನ್ನುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮೂಲೆಯಲ್ಲಿ ಬಂದು ಹೋಗುತ್ತದೆ. ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಕ್ಕೇ ನಾನು ಲೆಕ್ಕ ಹಾಕಿ ನೋಡಿದೆ. ಆರು ಅಡಿ ಅಗಲದ ತಳವಿರುವ ಹರಿಗೋಲು ಒಂದು ಇಂಚು ಮುಳುಗಲು ಸುಮಾರು 67 ಕೆ.ಜಿ. ಭಾರ ಬೇಕು. ಹತ್ತು ಅಡಿ ಉದ್ದ, ತಲಾ ಒಂದಡಿ ಅಗಲದ ಎರಡು ಒಡಲಿಟ್ಟು ಪುಟ್ಟ ಕ್ಯಾಟ್ ಮಾಡಿದರೆ ಒಂದು ಇಂಚಿಗೆ 47 ಕೆ.ಜಿ. ಸಾಕು. ಅಂದರೆ ದೋಣಿ, ಇಬ್ಬರು ಆಳು, ಮೀನು, ಬಲೆ ಸೇರಿ 200 ಕೆ.ಜಿ. ಆದರೆ ಹರಿಗೋಲು ಮೂರು ಇಂಚಲ್ಲಿ ತೇಲುತ್ತದೆ, ಕ್ಯಾಟಿಗೆ ನಾಲ್ಕು ಇಂಚಿನ ಮೇಲೆ ಬೇಕು. ಕಮ್ಮಿ ನೀರಿನ ಪಂದ್ಯದಲ್ಲಿ ಗೆಲ್ಲುವುದು ನಮ್ಮ ಹರಿಗೋಲೇ! ಆದರೆ ಎರಡು ಒಡಲುಗಳ ನಡುವೆ ಮೂರು ಅಡಿ ಬಿಟ್ಟರೆ, ಅಂಚಿಗೆ ಬಂದು ನಿಂತವನ ಭಾರಕ್ಕೆ ಕ್ಯಾಟ್ ವಾಲುವುದು ಹರಿಗೋಲು ವಾಲುವುದರ ಮೂರರಲ್ಲಿ ಎರಡು ಪಾಲಷ್ಟೇ. ಕಾಲಡಿಗೆ ಗಟ್ಟಿ ಹಲಗೆ. ನೇರ ಹೋಗುತ್ತದೆ, ಗಾಳಿಗೆ ಸುತ್ತುವುದಿಲ್ಲ. ಒಂದು ಇಂಚು ಜಾಸ್ತಿ ನೀರು ಕೊಟ್ಟು ಇಷ್ಟನ್ನು ಪಡೆಯುವುದು ಲಾಭವೇ ಅಲ್ವಾ?

ಎಂಜಿನ್ ಬೇಡವೇ ಬೇಡ. ನಮ್ಮ ಕೆರೆ ಸಣ್ಣದು, ಆತುರ ಇಲ್ಲ. ಕೋಲು ಮತ್ತು ಹುಟ್ಟು ಸಾಕು. ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ ಜಲಾಶಯದಂಥ ಅಗಲದ ನೀರಿನಲ್ಲಿ ಗಾಳಿ ಜೋರು, ಅಲ್ಲಿ ಇದರ ಉಪಯೋಗ ಇನ್ನೂ ಜಾಸ್ತಿ.

ಲೈಫ್ ಜಾಕೆಟ್ ವಿಷಯದಲ್ಲಿ ಇಲ್ಲಿಯ ರೂಢಿಯನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಕು. ಟೆಕ್ಸಾಸಿನಲ್ಲಿ ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಇರಲೇಬೇಕು. ಸಣ್ಣ ದೋಣಿ ಸಾಗುವಾಗ 13 ವರ್ಷದೊಳಗಿನ ಮಕ್ಕಳು ತೊಟ್ಟಿರಲೇಬೇಕು. ನಡೆಸುವವನು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುವ ದಾರವನ್ನು ಮೈಗೆ ಸಿಕ್ಕಿಸಿಕೊಳ್ಳಬೇಕೆಂದು 2019ರಲ್ಲಿ ಕಾನೂನು ಬಂತು. ನಮ್ಮಲ್ಲಿ ಕೆರೆಯನ್ನು ಗುತ್ತಿಗೆಗೆ ಕೊಡುವಾಗ ಹಣದ ಲೆಕ್ಕ ಬರೆಯುವ ಕಾಗದದಲ್ಲೇ ಲೈಫ್ ಜಾಕೆಟ್ಟನ್ನೂ ಒಂದು ಷರತ್ತಾಗಿ ಬರೆದರೆ ಖರ್ಚು ಎಷ್ಟಾದೀತು? ಈಜು ಬರುತ್ತದೆ ಅನ್ನುವ ಮಾತು ಬಲೆ ಕಾಲಿಗೆ ಸುತ್ತಿಕೊಂಡಾಗ ನಡೆಯುವುದಿಲ್ಲ.

ಈ ಪುಟ್ಟ ಕ್ಯಾಟಿನ ಚಿತ್ರ ಬರೆದು ಗೆಳೆಯನಿಗೆ ಕಳಿಸಿದೆ. ಅವನು ಫೋನ್ ಮಾಡಿ ಕೇಳಿದ್ದು ಒಂದೇ: "ಲೋ, ಎಲ್ಲಾ ಸರಿ ಕಣೋ. ಇದನ್ನ ತಲೆ ಮೇಲೆ ಹೊರೋಕಾಗುತ್ತಾ?"

ಸರಿಯಾದ ಪ್ರಶ್ನೆ. ಹರಿಗೋಲನ್ನು ಒಬ್ಬನೇ ಬೋರಲಾಗಿ ತಲೆ ಮೇಲೆ ಹೊತ್ತು ಮನೆಗೆ ತರುತ್ತಾನೆ. ದಂಡೆಯಲ್ಲಿ ಬಿಟ್ಟರೆ ಕಳುವಾಗಬಹುದು, ಬಿಸಿಲಿಗೆ ಒಡೆಯಬಹುದು. ಹಾಗಾಗಿ ನನ್ನ ಚಿತ್ರವನ್ನು ಬದಲಿಸಿದ್ದೇನೆ. ಎರಡು ಒಡಲು ಬೇರೆ ಬೇರೆ, ತಲಾ 15 ಕೆ.ಜಿ. ಮೀರಬಾರದು. ನಡುವಿನ ಹಲಗೆ ಪ್ರತ್ಯೇಕ, ನಾಲ್ಕು ಬೋಲ್ಟು, ಕೈಯಲ್ಲೇ ತಿರುಗಿಸುವ ನಟ್ಟು. ಇಬ್ಬರು ಹೆಗಲ ಮೇಲೆ ಒಂದೊಂದು ಒಡಲು ಇಟ್ಟುಕೊಂಡು ಏರಿ ಹತ್ತಬೇಕು, ಹಲಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಬರಬೇಕು. ಫೈಬರ್ ಕೆಲಸ ಬಲ್ಲವರು ಇಷ್ಟು ತೂಕದಲ್ಲಿ ಜಾಲಿಮುಳ್ಳಿಗೆ ತಡೆಯುವ ಒಡಲು ಮಾಡಿಕೊಡುವುದಾದರೆ ಮೊದಲನೆಯದರ ಖರ್ಚು ನನ್ನದು, ಅದನ್ನು ನೀರಿಗಿಳಿಸಿ ಬಲೆ ಎಳೆದು ನೋಡುವ ಕೆಲಸ ತನ್ನದು ಅಂತ ಗೆಳೆಯ ಒಪ್ಪಿದ್ದಾನೆ.