ಡ್ರ್ಯಾಗನ್ ಕಾಯಲಿ, ಮೊದಲು ದೋಣಿ ಬರಲಿ

ಮಂಗಳೂರಿನ ಬೋಳೂರಿನಂಥ ಹೊಳೆಬದಿಯಲ್ಲಿ ಬೆಳೆದವರನ್ನು ಕೆಸರು ತೋರಿಸಿ ಹೆದರಿಸಲಾಗದು ಎಂಬುದು, ಪರದೇಶದಲ್ಲಿ ಕುಳಿತು ಜೌಗುನೆಲದ ಸಾಹಸಗಳನ್ನು ಹೆಣೆಯುವವರಿಗೆ ತಿಳಿದಿರುವ ಸಂಭವವಿಲ್ಲ. ಮಳೆಗಾಲದ ಸಂಜೆಗಳಲ್ಲಿ ನಾವು ಕೆಲವರು ಸೇರಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಡಂಜನ್ ಮಾಸ್ಟರ್ ಎನಿಸಿಕೊಂಡವನು ಕಥೆ ನಡೆಸುತ್ತಾನೆ. ಉಳಿದವರು ತಂತಮ್ಮ ಪಾತ್ರದ ಮಾತನ್ನೂ ನಡೆಯನ್ನೂ ತಾವೇ ನಿರ್ಧರಿಸುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ತೀರ್ಮಾನಿಸುತ್ತದೆ. ಮಾಸ್ಟರ್ ಪದವಿ ನನಗೆ ಒದಗಿದ್ದು ಪುಸ್ತಕ ನನ್ನದೆಂಬ ಒಂದೇ ಕಾರಣಕ್ಕೆ.

1974ರಲ್ಲಿ ಹುಟ್ಟಿದ ಈ ಆಟಕ್ಕೂ ಕೆಸರಿಗೂ ಹಳೆಯ ನಂಟಿದೆ. ಮರುವರ್ಷವೇ ಅಚ್ಚಾದ, ಡೇವ್ ಆರ್ನೆಸನ್ ಬರೆದ ಕಪ್ಪೆ ದೇವಾಲಯದ ಸಾಹಸ ನಡೆಯುವುದು ಜೌಗಿನ ನಡುವೆಯೇ. ನಾನು ಆರಿಸಿಕೊಂಡದ್ದೂ ಅಂಥದೊಂದು ಚಿಕ್ಕ ಸರಕು: ದಾರಿ ತಪ್ಪಿಸುವ ಕೊಳ್ಳಿದೆವ್ವ, ಗುಡಿಸಲಿನ ಮಾಟಗಾತಿ, ಹಲ್ಲಿಮನುಷ್ಯರ ಹಳ್ಳಿ, ಕೊನೆಗೆ ಆಮ್ಲ ಉಗುಳುವ ಕಪ್ಪು ಡ್ರ್ಯಾಗನ್. ಅದನ್ನೇ ಹಿಗ್ಗಿಸಿ ವರ್ಷವಿಡೀ ನಡೆಯುವ ಕ್ಯಾಂಪೇನ್, ಅಂದರೆ ಕಂತುಕಂತಾಗಿ ಬೆಳೆಯುವ ಒಂದೇ ಕಥೆ, ಮಾಡಬೇಕೆಂಬುದು ನನ್ನ ಹಂಚಿಕೆಯಾಗಿತ್ತು.

ತಕರಾರು ಮೊದಲ ನಿಯಮದಲ್ಲೇ ಎದ್ದಿತು. ಒಂದು ಸರದಿಯಲ್ಲಿ 30 ಅಡಿ ನಡೆಯುವವನು ಕೆಸರಿನಲ್ಲಿ 15 ಅಡಿಯಷ್ಟೇ ಸಾಗಬಹುದು ಎಂದು ನಾನು ಗಂಭೀರವಾಗಿ ಓದುತ್ತಿದ್ದಂತೆ, ಆಟಿ ತಿಂಗಳಲ್ಲಿ ಗದ್ದೆಯ ಕೆಸರಿನಲ್ಲೇ ನಡೆಯುವ ‘ಕೆಸರ್ಡೊಂಜಿ ದಿನ’ದ ಓಟವನ್ನು ತಪ್ಪಿಸದ ಗೆಳೆಯ ತಡೆದ. “ಅದು ಬೂಟ್ಸ್ ಹಾಕಿದವನಿಗೆ ಮಾರಾಯ. ನಾನು ಬರಿಗಾಲಲ್ಲಿ ಉಂಟು, ಬರ್ಕೋ.” ಕೂಡಲೇ ಎಲ್ಲರೂ ಬೂಟು ಕಳಚಿದರು, ಕಬ್ಬಿಣದ ಕವಚ ತೊಟ್ಟ ಯೋಧ ಅದನ್ನು ಮರಕ್ಕೆ ನೇತುಹಾಕಿ ಪಂಚೆ ಎತ್ತಿ ಕಟ್ಟಿದ.

ಮುಂದಿನ ಪ್ರಶ್ನೆ, “ಇಲ್ಲಿ ಕಡವು ಇಲ್ವಾ?” ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿ ಅಭ್ಯಾಸವಾದವರು, ಅಷ್ಟು ನೀರಿದ್ದೂ ದೋಣಿಯಿಲ್ಲದ ಊರನ್ನು ನಂಬಲು ಸಿದ್ಧರಿರಲಿಲ್ಲ. ಪುಸ್ತಕದಲ್ಲಿಲ್ಲದ ಅಂಬಿಗನೊಬ್ಬನನ್ನು ನಿಂತ ನಿಲುವಿನಲ್ಲಿ ಸೃಷ್ಟಿಸಿ, ಅವನಿಗೆ ಕೆಮ್ಮನ್ನೂ ಮಾಟಗಾತಿಗೆ ತೀರಿಸಬೇಕಾದ ಸಾಲವನ್ನೂ ಕೊಟ್ಟೆ. ಗುಂಪು ಡ್ರ್ಯಾಗನ್ನನ್ನು ಮರೆತು ಸಾಲದ ಬೆನ್ನು ಹತ್ತಿತು. ಗುರುಪುರ ಹೊಳೆಗೆ ಯುದ್ಧನೌಕೆ ನುಗ್ಗದಿರಲೆಂದು ಟಿಪ್ಪು 1784ರಲ್ಲಿ ಬತ್ತೇರಿ ಕಟ್ಟಿಸಿದ್ದನ್ನು ನೆನಪಿಸಿದ ಗೆಳತಿಯೊಬ್ಬಳು, ಜೌಗಿನ ಬಾಯಿಗೂ ಒಂದು ಕಾವಲುಗೋಪುರ ಬೇಕೆಂದು ಹಟ ಹಿಡಿದಳು.

ನಕಾಶೆಯದು ಬೇರೆಯೇ ಕಥೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ನಮ್ಮೂರಿನಲ್ಲಿಲ್ಲ. ಕಪಾಟಿನಿಂದ ತೆಗೆದ ಚಾರ್ಟಿನ ತೆಂಕು ಮೂಲೆಯಲ್ಲಿ ಹಸಿರು ಅಂಚಿನ, ನಡುವೆ ಬೂದುಬಣ್ಣದ ಮಚ್ಚೆಯೊಂದು ಮೂಡಿತ್ತು. ನಾನು ಒರೆಸುವಷ್ಟರಲ್ಲಿ ಅವರು ಅದನ್ನು ದ್ವೀಪವೆಂದು ಗುರುತಿಸಿ ಅಂಬಿಗನೊಡನೆ ಬಾಡಿಗೆ ಕುದುರಿಸಿಯೂ ಆಗಿತ್ತು. ಮುದ್ರಿತ ಕಥೆಗಿಂತ ಆಟಗಾರರು ಕಾಲು ಹೂತುಕೊಂಡ ಜಾಗವೇ ಕ್ಯಾಂಪೇನಿಗೆ ಗಟ್ಟಿ ನೆಲವೆಂಬುದು ನನ್ನ ಅಭಿಪ್ರಾಯವಾದ್ದರಿಂದ, ದ್ವೀಪ ಉಳಿಯಿತು. ಮಾಟಗಾತಿಯ ತಂಗಿ ಅಲ್ಲಿ ಬಿಡಾರ ಹೂಡಿದಳು.

ಇಷ್ಟಾದರೂ ಸಂಭಾಳಿಸಬಹುದಿತ್ತು, ಭಾವ ಇಲ್ಲದಿದ್ದರೆ. ಭಾವ ಹವ್ಯಾಸಿ ಅರ್ಥಧಾರಿ, ಪಾತ್ರದ ಮಾತನ್ನು, ಅಂದರೆ ಅರ್ಥವನ್ನು, ಆಶುವಾಗಿ ಹೇಳುವವರು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ, ವೇಷವಿಲ್ಲದ ತಾಳಮದ್ದಳೆಗಳಲ್ಲಿ ಕುಳಿತೇ ಕುರುಕ್ಷೇತ್ರ ನಡೆಸುವವರು. ಹಲ್ಲಿಮನುಷ್ಯರ ನಾಯಕ ಈಟಿ ಎತ್ತಿದರೆ, ಭಾವ ಪೀಠಿಕೆ ಎತ್ತಿದರು. ಜೌಗು ಯಾರ ಸೊತ್ತು, ಗೋಪುರಕ್ಕೆ ಕಲ್ಲು ಹೊರುವವನಿಗೆ ಸಲ್ಲಬೇಕಾದದ್ದು ಕೂಲಿಯೋ ಗೌರವವೋ ಎಂದು ವಾದ ಬೆಳೆಯುತ್ತಿರುವಾಗ ಕರೆಂಟು ಹೋಯಿತು. ಮೊಬೈಲಿನ ಬೆಳಕಿನಲ್ಲಿ ವಾದ ಮುಂದುವರಿಯಿತು. ಕೊನೆಗೆ ದಾಳ ಹಾಕಿಸಿದೆ. ಅದು ಕಪಾಟಿನ ಅಡಿಗೆ ಉರುಳಿತು. ಪೊರಕೆಯಿಂದ ಎಳೆದು ನೋಡಿದರೆ ಬಿದ್ದದ್ದು 1.

“ಭಾವ, ಸೋತಿರಿ,” ಎಂದೆ.

“ದಾಳಕ್ಕೆ ಅರ್ಥ ಹೇಳಲಿಕ್ಕೆ ಬರ್ತದಾ?” ಎಂದು ಅವರು ಎಲೆಗೆ ಸುಣ್ಣ ಹಚ್ಚಿದರು. “ಅದಿರಲಿ. ಮುಂದಿನ ಸಲ ಆ ಡ್ರ್ಯಾಗನ್ ನನಗೆ ಕೊಡು. ಅದರ ಪಕ್ಷದಲ್ಲಿಯೂ ಹೇಳಲಿಕ್ಕೆ ಸುಮಾರು ಉಂಟು.”